ಗ್ರ್ಯಾಂಡ್ ಮಾರ್ಷಲ್ ಪದವಿಯ ಇತಿಹಾಸ

ಹಿಲ್ಸ್‌ಬ್ರ್ಯಾಡ್ ಎಂಬ ಬೆಟ್ಟದ ತಪ್ಪಲಿನ ಸೀಮೆಯಲ್ಲಿ ಸೌತ್‌ಶೋರ್, ಟ್ಯಾರೆನ್ ಮಿಲ್ ಎಂಬ ಎರಡು ಊರುಗಳಿದ್ದುವು. ಪೃಥ್ವಿಯ ಭೂಪಟದಲ್ಲಿ ಅರಸಿದರೆ ಅವು ಸಿಕ್ಕಲಾರವು. ಕ್ಯಾಲಿಫೋರ್ನಿಯದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯವರು 2004ನೆಯ ಇಸವಿ ನವೆಂಬರ್ 23ರಂದು ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದ ಕಲ್ಪಿತ ಭೂಖಂಡದಲ್ಲಿ ಅವುಗಳ ನೆಲೆ. ಕಡಲ ದಡದ ಸೌತ್‌ಶೋರ್ ಅಲಯನ್ಸ್ ಎಂಬ ಪಕ್ಷದವರದು. ಅಲ್ಲಿಂದ ಉತ್ತರಕ್ಕೆ ಅನತಿದೂರದಲ್ಲಿದ್ದ ಟ್ಯಾರೆನ್ ಮಿಲ್ ಹೋರ್ಡ್ ಎಂಬ ಪ್ರತಿಪಕ್ಷದವರದು. ಆಟ ಹೊರಬಂದ ಮೊದಲ ಚಳಿಗಾಲದಲ್ಲಿ ಈ ಎರಡು ಊರುಗಳ ನಡುವಣ ಹಾದಿಯಲ್ಲಿ, ಯಾರೂ ಕರೆಯದೆ, ಯಾರೂ ಏರ್ಪಡಿಸದೆ, ಆಟಗಾರರು ಗುಂಪುಗೂಡಿ ಗಂಟೆಗಟ್ಟಲೆ ಕಾದಾಡುತ್ತಿದ್ದರು. ಬಿದ್ದವನು ಪ್ರೇತರೂಪ ತಳೆದು ಸ್ಮಶಾನದಿಂದ ಓಡಿಬಂದು, ತನ್ನ ಹೆಣ ಬಿದ್ದಿದ್ದ ಸ್ಥಳವನ್ನು ಸೇರಿ, ಪುನಃ ಜೀವ ಪಡೆದು, ಮತ್ತೆ ಕದನಕ್ಕೆ ನಿಲ್ಲುವನು. ಗೆದ್ದವನಿಗೆ ಒಂದು ಕಾಸಿನ ಲಾಭವೂ ಇಲ್ಲ. ಸೋತವನಿಗೆ ಆ ಓಟದ ಬೇಸರವಲ್ಲದೆ ಬೇರೆ ನಷ್ಟವೂ ಇಲ್ಲ. ಆದರೂ ಆ ದಾರಿ ಬರಿದಾಗುತ್ತಿರಲಿಲ್ಲ. ಆ ಕಾಲದಲ್ಲಿ ಆಡಿದವರು ಇಂದಿಗೂ ಅದನ್ನು ನೆನೆಯುವಾಗ ಅವರ ಮಾತಿನಲ್ಲಿ ಒಂದು ಬಗೆಯ ತವರಿನ ಮಮತೆ ಕಾಣುತ್ತದೆ.

ಇಂಥ ನಿಷ್ಕಾಮ ಕದನಕ್ಕೆ ಫಲವೊಂದನ್ನು ಕಟ್ಟಿಕೊಡಬೇಕೆಂದು ಆಟದ ಒಡೆಯರು ಸಂಕಲ್ಪಿಸಿದ್ದು 2005ರ ಏಪ್ರಿಲಿನಲ್ಲಿ. ಅದರ ಹೆಸರು ‘ಆನರ್ ಸಿಸ್ಟಮ್’, ಎಂದರೆ ಗೌರವದ ವ್ಯವಸ್ಥೆ. ತನಗಿಂತ ತೀರ ಕೆಳಗಿನ ಮಟ್ಟದವನಲ್ಲದ ಪ್ರತಿಪಕ್ಷದ ಆಟಗಾರನನ್ನು ಕಾಳಗದಲ್ಲಿ ಕೆಡವಿದರೆ ಗೌರವದ ಅಂಕಗಳು ಸಲ್ಲುವುವು. ಆ ಅಂಕಗಳಿಂದ ಪದವಿಗಳು ಏರುವುವು. ಪದವಿಗಳು ಒಟ್ಟು 14. ಅಲಯನ್ಸ್ ಪಕ್ಷದಲ್ಲಿ ಪ್ರೈವೇಟ್ ಎಂಬ ಸಾಮಾನ್ಯ ಸಿಪಾಯಿಯಿಂದ ಮೊದಲಾಗಿ ಗ್ರ್ಯಾಂಡ್ ಮಾರ್ಷಲ್ ಎಂಬ ಮಹಾದಂಡನಾಯಕನವರೆಗೆ. ಹೋರ್ಡ್ ಪಕ್ಷದಲ್ಲಿ ಸ್ಕೌಟ್‌ನಿಂದ ಹೈ ವಾರ್‌ಲಾರ್ಡ್‌ವರೆಗೆ. ಬಿರುದು ಆಟಗಾರನ ಹೆಸರಿನ ಹಿಂದೆಯೇ ತೇಲುತ್ತಿದ್ದುದರಿಂದ, ಬೀದಿಯಲ್ಲಿ ಎದುರಾದವರೆಲ್ಲರೂ ಅದನ್ನು ಓದಬಹುದಾಗಿತ್ತು. ಅಲಯನ್ಸ್‌ನ ರಾಜಧಾನಿಯಾದ ಸ್ಟಾರ್ಮ್‌ವಿಂಡ್ ನಗರದಲ್ಲಿ ಒಂದು ಸಭಾಭವನವಿತ್ತು. ಆರನೆಯ ಪದವಿಗೆ ಏರಿದವರಿಗಲ್ಲದೆ ಅದರೊಳಕ್ಕೆ ಪ್ರವೇಶವಿರಲಿಲ್ಲ. ಹೋರ್ಡ್‌ನ ಆರ್ಗ್ರಿಮಾರ್ ನಗರದಲ್ಲಿಯೂ ಅಂಥದೇ ಒಂದು ಭವನ. ಒಳಗೆ ನಿಂತಿದ್ದ ವರ್ತಕರು ಪದವಿಗೆ ತಕ್ಕಂತೆ ಮೇಲಂಗಿ, ಕವಚ, ಸವಾರಿಯ ಪ್ರಾಣಿ ಇವುಗಳನ್ನು ಮಾರುತ್ತಿದ್ದರು. ಹದಿನಾಲ್ಕನೆಯ ಪದವಿಯನ್ನು ಮುಟ್ಟಿದವನಿಗೆ ಮಾತ್ರ ಆಯುಧಗಳನ್ನು ಕೊಡುತ್ತಿದ್ದರು. ಆ ಆಯುಧಗಳೋ, ನಲವತ್ತು ಮಂದಿ ಒಟ್ಟುಗೂಡಿ ತಿಂಗಳುಗಟ್ಟಲೆ ಶ್ರಮಿಸಿ ರಾಕ್ಷಸರನ್ನು ಕೊಂದು ಪಡೆಯುತ್ತಿದ್ದ ಶ್ರೇಷ್ಠ ಆಯುಧಗಳಿಗೆ ಸಾಟಿಯಾಗಿ ನಿಲ್ಲುವಂಥವು.

ಶೌರ್ಯವನ್ನು ಗುರುತಿಸಿ ಬಿರುದನ್ನು ಕೊಡುವುದರಲ್ಲಿ ತಪ್ಪೇನಿದೆ ಎಂದು ಓದುಗರು ಕೇಳಬಹುದು. ತಪ್ಪು ಬಿರುದಿನಲ್ಲಿರಲಿಲ್ಲ, ಅದನ್ನು ಅಳೆಯುವ ಕೋಲಿನಲ್ಲಿಯೂ, ಅದರ ಬೆನ್ನಿಗೆ ಕಟ್ಟಿದ್ದ ಆಯುಧದಲ್ಲಿಯೂ ಇತ್ತು. ಮೊದಲು ಕೋಲಿನ ವಿಚಾರವನ್ನು ನೋಡೋಣ. ಇಷ್ಟು ಅಂಕ ಗಳಿಸಿದರೆ ಇಂಥ ಪದವಿ ಎಂಬ ಸ್ಥಿರವಾದ ಗಡಿಯನ್ನು ಅಲ್ಲಿ ಹಾಕಿರಲಿಲ್ಲ. ಒಂದು ಸರ್ವರಿನಲ್ಲಿ ಒಂದು ಪಕ್ಷದವರು ವಾರವಿಡೀ ಗಳಿಸಿದ ಗೌರವವನ್ನು ವಾರದ ಕೊನೆಯಲ್ಲಿ ಒಬ್ಬರದನ್ನು ಒಬ್ಬರದರೊಡನೆ ತೂಗಿ, ಮೊದಲನೆಯವನು ಯಾರು, ಎರಡನೆಯವನು ಯಾರು ಎಂದು ಸಾಲಾಗಿ ನಿಲ್ಲಿಸಿ, ಆ ಸಾಲಿನಲ್ಲಿ ಅವನವನಿಗೆ ದೊರೆತ ಸ್ಥಾನವನ್ನು ಅನುಸರಿಸಿ ಪದವಿಯ ಅಂಕಗಳನ್ನು ಹಂಚುತ್ತಿದ್ದರು. ಇದಲ್ಲದೆ, ಹಿಂದೆ ಕೂಡಿಟ್ಟಿದ್ದ ಪದವಿಯ ಅಂಕಗಳಲ್ಲಿ ಐದನೆಯ ಒಂದು ಪಾಲು ಪ್ರತಿವಾರವೂ ಕರಗಿಹೋಗುತ್ತಿತ್ತು. ಮೇಲಕ್ಕೆ ಹೋದಷ್ಟೂ ಕರಗುವ ಮೊತ್ತವೂ ಹೆಚ್ಚು. ಆದುದರಿಂದ ಹದಿಮೂರರಿಂದ ಹದಿನಾಲ್ಕಕ್ಕೆ ಏರಬೇಕಾದವನು ತನ್ನ ಪಕ್ಷದವರೆಲ್ಲರಿಗಿಂತಲೂ ಮುಂದೆ, ಮೊದಲನೆಯ ಸ್ಥಾನದಲ್ಲಿ ಅಥವಾ ಅದರ ತೀರ ಸಮೀಪದಲ್ಲಿ, ವಾರದ ಮೇಲೆ ವಾರ ನಿಂತಿರಲೇಬೇಕು. ಒಂದು ವಾರ ಜ್ವರ ಬಂದು ಮಲಗಿದರೆ, ಮನೆಯಲ್ಲಿ ಮದುವೆಯಾದರೆ, ಪರೀಕ್ಷೆ ಬಂದರೆ, ಏರಿದ ಮೆಟ್ಟಿಲಿನಿಂದ ಇಳಿಯುವುದು ನಿಶ್ಚಯ.

ಇದರ ಪರಿಣಾಮವನ್ನು ಆಲೋಚಿಸಬೇಕು. ಎರಡು ಗಂಟೆಗಳ ಕಾಲ ಅತ್ಯಂತ ಕೌಶಲದಿಂದ ಆಡಿ ಪ್ರತಿಯೊಂದು ಕಾಳಗವನ್ನೂ ಗೆದ್ದವನಿಗಿಂತ, ಹದಿನಾರು ಗಂಟೆಗಳ ಕಾಲ ಸಾಧಾರಣವಾಗಿ ಆಡಿ ಅರ್ಧಕ್ಕರ್ಧ ಸೋತವನ ಮೊತ್ತವೇ ದೊಡ್ಡದಾಗುತ್ತಿತ್ತು. ಕೌಶಲವನ್ನು ಅಳೆಯಲು ಹೊರಟ ಕೋಲು ಹೊತ್ತನ್ನು ಅಳೆಯಿತು. ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ; ಒಬ್ಬ ಮನುಷ್ಯನಿಗೆ ನಿದ್ರೆಯೂ ಬೇಕು. ಆದಕಾರಣ ಒಬ್ಬನ ಹೆಸರಿನ ಪಾತ್ರವನ್ನು ಇಬ್ಬರು ಮೂವರು ಗೆಳೆಯರು ಪಾಳಿಯ ಮೇಲೆ ಆಡುವ ಪದ್ಧತಿ ಬಂದಿತು. ಸಂಸ್ಥೆಯ ನಿಯಮದಂತೆ ಇದು ನಿಷಿದ್ಧ. ಆದರೆ ತುತ್ತತುದಿಯ ಪೈಪೋಟಿಯಲ್ಲಿ, ತಾನೊಬ್ಬನೇ ಆಡುವೆನೆಂಬ ಪ್ರಾಮಾಣಿಕನು ಪಾಳಿಯವರ ಮುಂದೆ ಗೆಲ್ಲುವ ಬಗೆಯೇ ಇರಲಿಲ್ಲ. ಇನ್ನು ಕೆಲವು ಸರ್ವರುಗಳಲ್ಲಿ ಮೇಲಿನ ಸ್ಥಾನದವರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು: ಈ ವಾರಗಳಲ್ಲಿ ಇವನು ಮೊದಲಿಗನಾಗಲಿ, ಅವನು ತುದಿ ಮುಟ್ಟಿದ ಮೇಲೆ ಇನ್ನೊಬ್ಬನ ಸರದಿ, ಉಳಿದವರು ಇಂತಿಷ್ಟಕ್ಕಿಂತ ಹೆಚ್ಚು ಗೌರವ ಗಳಿಸಬಾರದು. ಒಪ್ಪಂದಕ್ಕೆ ಸೇರದೆ ತನ್ನಷ್ಟಕ್ಕೆ ಆಡಿ ಮುಂದೆ ಹೋದವನನ್ನು ತಂಡಗಳಿಂದ ಹೊರಗಿಟ್ಟು, ಅವನೊಡನೆ ಯಾರೂ ಆಡದಂತೆ ಮಾಡುತ್ತಿದ್ದರು. ಸ್ಪರ್ಧೆಗಾಗಿ ನಿರ್ಮಿಸಿದ ವ್ಯವಸ್ಥೆಯಲ್ಲಿ ಸ್ಪರ್ಧಿಸುವುದೇ ಅಪರಾಧವೆನಿಸಿತು. ಆ ಒಪ್ಪಂದಗಳನ್ನು ಮಾಡಿಕೊಂಡವರನ್ನು ನಾನು ದೂಷಿಸಲಾರೆ. ನಿದ್ರೆ ಆರೋಗ್ಯಗಳನ್ನು ತಿನ್ನುವ ಒಂದು ಯಂತ್ರದ ನಡುವೆ ಸಿಕ್ಕಿಕೊಂಡವರು ಅದರ ವೇಗವನ್ನು ತಗ್ಗಿಸಲು ಕಂಡುಕೊಂಡ ಉಪಾಯ ಅದು. ದೋಷವಿದ್ದುದು ಯಂತ್ರವನ್ನು ಹೂಡಿದವರಲ್ಲಿ.

ಆ ವರ್ಷದ ಜೂನಿನಲ್ಲಿ ‘ಬ್ಯಾಟಲ್‌ಗ್ರೌಂಡ್’ಗಳೆಂಬ ಪ್ರತ್ಯೇಕ ರಣಭೂಮಿಗಳು ತೆರೆದುವು. ವಾರ್‌ಸಾಂಗ್ ಗಲ್ಚ್ ಎಂಬಲ್ಲಿ ಹತ್ತು ಜನರಿಗೆ ಹತ್ತು ಜನ ಎದುರಾಗಿ ಬಾವುಟವನ್ನು ಕಸಿಯುವ ಆಟ; ಆಲ್ಟೆರಾಕ್ ಕಣಿವೆಯಲ್ಲಿ ನಲವತ್ತಕ್ಕೆ ನಲವತ್ತು. ಗೌರವದ ಅಂಕಗಳು ಅಲ್ಲಿ ಬೇಗ ಬೇಗ ಸಿಕ್ಕುತ್ತಿದ್ದುದರಿಂದ ಜನರೆಲ್ಲ ಅತ್ತ ಹೋದರು. ಸೌತ್‌ಶೋರಿನ ಹಾದಿಯಲ್ಲಿ ಕಾದಾಡುವವರಿಲ್ಲವಾದರು. ಫಲಾಪೇಕ್ಷೆಯಿಲ್ಲದೆ ನಡೆಯುತ್ತಿದ್ದ ಕಾಳಗವನ್ನು ಪ್ರೋತ್ಸಾಹಿಸಲು ತಂದ ಫಲವೇ ಆ ಕಾಳಗವನ್ನು ಮುಗಿಸಿತು.

ಗೆದ್ದವರಿಗೆ ಮಾತ್ರವೇ ಮೀಸಲಾದ ಬಹುಮಾನವೆಂಬುದು ಬ್ಲಿಝಾರ್ಡಿನವರು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಚಿತ್ರಗಳಿರಲಿಲ್ಲ, ಬರಿಯ ಅಕ್ಷರಗಳು. ಹಲವರು ಒಂದೇ ಕಲ್ಪಿತ ಲೋಕದಲ್ಲಿ ಕೂಡಿ ಆಡುವ ಆಟಗಳಿಗೆಲ್ಲ ಅದು ಮೂಲಪುರುಷ. ಅಲ್ಲಿ ಸಾಕಷ್ಟು ಅಂಕ ಗಳಿಸಿದವನು ‘ವಿಝರ್ಡ್’, ಎಂದರೆ ಮಾಂತ್ರಿಕ, ಆಗುತ್ತಿದ್ದ; ಆ ಪದವಿಯೊಡನೆ ಸಾಮಾನ್ಯ ಆಟಗಾರರಿಗಿಲ್ಲದ ಶಕ್ತಿಗಳೂ ಅವನಿಗೆ ಬರುತ್ತಿದ್ದುವು. ಆದರೆ ಮಾಂತ್ರಿಕನಿಗೆ ಆ ಮೇಲೆ ಅಂಕಗಳಿಗಾಗಿ ಇತರರೊಡನೆ ಪೈಪೋಟಿಗಿಳಿಯಬೇಕಾದ ಅಗತ್ಯವಿರಲಿಲ್ಲ; ಆಟವನ್ನು ಗೆದ್ದು ಆಟದಿಂದಾಚೆಗೆ ದಾಟಿದವನು ಅವನು. ಅಮೆರಿಕದಲ್ಲಿ 1979ರಲ್ಲಿ ಸ್ಥಾಪಿತವಾದ ಆ್ಯಕ್ಟಿವಿಷನ್ ಎಂಬ ಸಂಸ್ಥೆ ಇನ್ನೊಂದು ಮಾರ್ಗವನ್ನು ಹಿಡಿಯಿತು. ಟೆಲಿವಿಷನ್ನಿಗೆ ಜೋಡಿಸಿ ಆಡುವ ತನ್ನ ಆಟಗಳಲ್ಲಿ ನಿಗದಿಯಾದ ಅಂಕವನ್ನು ದಾಟಿದವನು, ಆ ಅಂಕ ಪರದೆಯ ಮೇಲೆ ಕಾಣುತ್ತಿರುವಾಗಲೇ ಕ್ಯಾಮರಾದಿಂದ ಒಂದು ಫೋಟೋ ತೆಗೆದು, ಅದನ್ನು ತೊಳೆಸಿ, ಅಂಚೆಯ ಮೂಲಕ ಕಳುಹಿಸಿದರೆ, ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಕಸೂತಿ ಹಾಕಿದ ಒಂದು ಬಟ್ಟೆಯ ಬಿಲ್ಲೆ ಬರುವುದು. ಹುಡುಗರು ಅದನ್ನು ಅಂಗಿಯ ತೋಳಿಗೆ ಹೊಲಿಸಿಕೊಳ್ಳುವರು. ಗಡಿ ಎಲ್ಲರಿಗೂ ಒಂದೇ; ಒಬ್ಬನಿಗೆ ಬಿಲ್ಲೆ ಸಿಕ್ಕಿತೆಂದು ಇನ್ನೊಬ್ಬನ ಬಿಲ್ಲೆ ತಪ್ಪುತ್ತಿರಲಿಲ್ಲ; ಬಿಲ್ಲೆ ತೊಟ್ಟವನ ಗುಂಡಿಗೆ ಮುಂದಿನ ಆಟದಲ್ಲಿ ಹೆಚ್ಚಿನ ವೇಗವೂ ಬರುತ್ತಿರಲಿಲ್ಲ. ಆನ್‌ಲೈನ್ ಆಟಗಳ ಬಹುಮಾನದ ಇತಿಹಾಸದಲ್ಲಿ ಮುಂದೆ ನಡೆದ ಎಲ್ಲ ತಕರಾರುಗಳನ್ನೂ ಆ ಬಟ್ಟೆಯ ಬಿಲ್ಲೆಯ ಪಕ್ಕದಲ್ಲಿಟ್ಟು ನೋಡಿದರೆ, ನ್ಯಾಯವೆಲ್ಲಿತ್ತೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ಹಳೆಯ ಅರಸರು ವಿದ್ವಾಂಸನ ಕಾಲಿಗೆ ಗಂಡಪೆಂಡೆಯವನ್ನು ತೊಡಿಸುತ್ತಿದ್ದರು. ಅದನ್ನು ತೊಟ್ಟವನು ಮುಂದಿನ ವಾದಸಭೆಗೆ ಬಂದಾಗ ಸಭೆ ಎದ್ದು ನಿಂತು ಗೌರವಿಸಬಹುದು. ಆದರೆ ವಾದವನ್ನು ಅವನು ಮಾತಿನಿಂದಲೇ ಗೆಲ್ಲಬೇಕು. ಗೌರವವು ಹಿಂದಿನ ಗೆಲವಿಗೆ ಸಾಕ್ಷಿಯಾಗಿರಬೇಕೇ ಹೊರತು ಮುಂದಿನ ಗೆಲವಿಗೆ ಬಂಡವಾಳವಾಗಬಾರದು. ಗ್ರ್ಯಾಂಡ್ ಮಾರ್ಷಲನ ಕತ್ತಿಯ ವಿಷಯದಲ್ಲಿ ಮುರಿದುಬಿದ್ದದ್ದು ಈ ತತ್ತ್ವವೇ. ಅದನ್ನು ಪಡೆದವನು ಅದನ್ನು ಗೋಡೆಗೆ ತೂಗುಹಾಕುತ್ತಿರಲಿಲ್ಲ. ಅದನ್ನು ಹಿಡಿದು ವಾರ್‌ಸಾಂಗ್ ಗಲ್ಚಿಗೆ ಹಿಂದಿರುಗಿ, ಅಲ್ಲಿ ನಿನ್ನೆ ಮೊನ್ನೆ ಆಗಿನ ಅತ್ಯುಚ್ಚ ಮಟ್ಟವಾದ ಅರವತ್ತನ್ನು ಮುಟ್ಟಿ ಸಾಧಾರಣ ಆಯುಧದೊಡನೆ ಬಂದ ಆಟಗಾರನನ್ನು ಎರಡು ಮೂರು ಏಟಿಗೆ ಕೆಡವುತ್ತಿದ್ದ. ಬಿದ್ದವನು ಕೌಶಲದಲ್ಲಿ ಕಡಮೆಯವನೇ ಅಲ್ಲವೇ ಎಂಬುದನ್ನು ಪರೀಕ್ಷಿಸುವುದಕ್ಕೆ ಅವಕಾಶವೇ ಇರಲಿಲ್ಲ. ಮೊದಲು ಗೆದ್ದವನಿಗೆ ಬಲ, ಬಲವಿದ್ದವನಿಗೆ ಮತ್ತೆ ಗೆಲವು, ಗೆಲವಿನಿಂದ ಮತ್ತೆ ಬಲ. ತಡವಾಗಿ ಬಂದವನಿಗೆ ಈ ಚಕ್ರದೊಳಕ್ಕೆ ಹೊಗುವ ಬಾಗಿಲೇ ಇಲ್ಲ.

ಬೇರೆ ಹಾದಿಯೂ ಸಾಧ್ಯವಿತ್ತೆಂಬುದಕ್ಕೆ ಅದೇ 2005ರ ಏಪ್ರಿಲಿನಲ್ಲಿ, 28ರಂದು, ಅರೀನಾನೆಟ್ ಸಂಸ್ಥೆಯವರು ಹೊರತಂದ ‘ಗಿಲ್ಡ್ ವಾರ್ಸ್’ ಎಂಬ ಆಟವೇ ಪ್ರಮಾಣ. ಅದರಲ್ಲಿ ಆಟಗಾರರೊಡನೆ ಕಾದಲಿಚ್ಛಿಸುವವನು ಅತ್ಯುಚ್ಚ ಮಟ್ಟವಾದ ಇಪ್ಪತ್ತನೆಯ ಮಟ್ಟದ ಪಾತ್ರವನ್ನು ಮೊದಲ ದಿನವೇ ಸೃಷ್ಟಿಸಿಕೊಂಡು, ಇತರರಿಗೆ ಸಮಾನವಾದ ಆಯುಧಗಳೊಡನೆ ರಂಗಕ್ಕಿಳಿಯಬಹುದಾಗಿತ್ತು. ಮೊದಮೊದಲು ಕೆಲವು ವಿದ್ಯೆಗಳನ್ನು ಆಡಿಯೇ ಬಿಡಿಸಿಕೊಳ್ಳಬೇಕಾಗಿದ್ದುದು ಅದರಲ್ಲಿದ್ದ ಕೊರತೆ. ಗೆದ್ದವರಿಗೆ ಸಿಕ್ಕುತ್ತಿದ್ದುದು ದರ್ಜೆ, ಮತ್ತು ಆ ದರ್ಜೆಯನ್ನು ತೋರಿಸುವ ಒಂದು ಸಂಜ್ಞೆ: ಆಜ್ಞೆ ಕೊಟ್ಟೊಡನೆ ಪಾತ್ರದ ಮೇಲ್ಗಡೆ ಬೆಳಕಿನ ಒಂದು ಮೃಗ ಮೂಡುವುದು. ಮೂರನೆಯ ದರ್ಜೆಯವನಿಗೆ ಜಿಂಕೆ, ಆರನೆಯವನಿಗೆ ತೋಳ, ಒಂಬತ್ತನೆಯವನಿಗೆ ಹುಲಿ. ನೋಡುವುದಕ್ಕೆ ಇದು ಆ ಬಟ್ಟೆಯ ಬಿಲ್ಲೆಯಂತೆಯೇ ನಿರಪಾಯಕಾರಿ. ಆದರೆ ಅಲ್ಲಿಯೂ ಒಂದು ಕಷ್ಟ ತಲೆದೋರಿತು. ವೀರರ ಸ್ಪರ್ಧೆಗೆ ಎಂಟು ಮಂದಿಯ ತಂಡ ಬೇಕು. ತಂಡ ಕಟ್ಟುವವರು, ಬಂದವನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ಮೊದಲು ನಿನ್ನ ಜಿಂಕೆಯನ್ನು ತೋರಿಸು ಎನ್ನುವರು. ತೋರಿಸಲು ಜಿಂಕೆಯಿಲ್ಲದವನಿಗೆ ತಂಡವಿಲ್ಲ; ತಂಡವಿಲ್ಲದೆ ಗೆಲವಿಲ್ಲ; ಗೆಲ್ಲದೆ ಜಿಂಕೆ ಬಾರದು. ಅಂಥವರು ತಮ್ಮಂಥವರನ್ನೇ ಕೂಡಿಸಿಕೊಂಡು ಸೋಲುತ್ತ ಸೋಲುತ್ತ ಮೇಲೇರಬೇಕಾಯಿತು. ಶುದ್ಧ ಗೌರವವೂ ಜನರ ಕೈಯಲ್ಲಿ ಬೇಲಿಯಾಗಬಲ್ಲದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ಬೇಲಿಗೂ ಗ್ರ್ಯಾಂಡ್ ಮಾರ್ಷಲನ ಕತ್ತಿಗೂ ಅಂತರವುಂಟು: ಇಲ್ಲಿ ರಂಗಕ್ಕಿಳಿದ ಮೇಲೆ ಇಬ್ಬರ ಕೈಯ ಆಯುಧವೂ ಒಂದೇ, ಸೋತವನು ತನ್ನ ತಪ್ಪಿನಿಂದ ಏನನ್ನಾದರೂ ಕಲಿಯಬಹುದು.

ಬ್ಲಿಝಾರ್ಡಿನವರು ತಮ್ಮ ಹಳೆಯ ವ್ಯವಸ್ಥೆಯನ್ನು ರದ್ದು ಮಾಡಿದ್ದು 2006ರ ಡಿಸೆಂಬರಿನಲ್ಲಿ. ಅಂದಿನಿಂದ ಗೌರವವು ನಾಣ್ಯವಾಯಿತು. ವಾರದ ಸಾಲೂ ಇಲ್ಲ, ಕರಗುವಿಕೆಯೂ ಇಲ್ಲ. ಕೂಡಿಟ್ಟವನು ಅಂಗಡಿಯಲ್ಲಿ ಕೊಟ್ಟು ಬೇಕಾದುದನ್ನು ಕೊಳ್ಳಬಹುದು. ಹದಿನಾಲ್ಕನೆಯ ಪದವಿಯ ಆಯುಧಗಳೂ ಆ ಅಂಗಡಿಯಲ್ಲಿ ಮಾರಾಟಕ್ಕೆ ಬಂದುವು. ಆಗ ಹಳೆಯ ಗ್ರ್ಯಾಂಡ್ ಮಾರ್ಷಲರಿಗೆ ಆದ ವ್ಯಥೆ ಸಣ್ಣದಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಸ್ನೇಹ ಸಂಬಂಧಗಳನ್ನು ದೂರವಿಟ್ಟು ಪಡೆದ ವಸ್ತುವನ್ನು ನೆರೆಯವನು ಬಿಡುವಿನ ಸಂಜೆಗಳಲ್ಲಿ ಆಡಿ ಪಡೆಯುವುದನ್ನು ಅವರು ಕಣ್ಣಾರೆ ಕಂಡರು. ವಾಗ್ದಾನ ಮುರಿಯಿತೆಂದು ಅವರು ಆಡಿದ ಮಾತಿನಲ್ಲಿ ಸತ್ಯವಿತ್ತು. ವ್ಯವಸ್ಥೆ ಅನ್ಯಾಯದ್ದೆಂದಮಾತ್ರಕ್ಕೆ ಅದರ ಕಟ್ಟಳೆಗೆ ಒಳಪಟ್ಟು ದುಡಿದವನ ದುಡಿಮೆ ಸುಳ್ಳಾಗುವುದಿಲ್ಲ. ಆದರೆ ಅವರ ಬಿರುದನ್ನು ಸಂಸ್ಥೆ ಕಿತ್ತುಕೊಳ್ಳಲಿಲ್ಲ. ಗಳಿಸಿದವರು ಅದನ್ನು ಹೆಸರಿನೊಡನೆ ಧರಿಸಲು ಅವಕಾಶ ಉಳಿಯಿತು, ಹೊಸಬರಿಗೆ ಅದು ದೊರೆಯುವ ಹಾದಿ ಮುಚ್ಚಿತು. ಕತ್ತಿ ಎಲ್ಲರದಾಯಿತು, ಬಿರುದು ಗೆದ್ದವರದಾಗಿಯೇ ಉಳಿಯಿತು. ಅಂದಿನ ಗದ್ದಲದಲ್ಲಿ ಹೆಚ್ಚು ಜನ ಗಮನಿಸದಿದ್ದರೂ, ಆ ಆಟದ ಚರಿತ್ರೆಯಲ್ಲಿ ಅದೇ ಮೊದಲ ನ್ಯಾಯವಾದ ವಿಂಗಡಣೆ.

ಮರುತಿಂಗಳು, 2007ರ ಜನವರಿ 16ರಂದು, ‘ದಿ ಬರ್ನಿಂಗ್ ಕ್ರುಸೇಡ್’ ಎಂಬ ಹೊಸ ಪರ್ವ ಬಂದು, ಅದರೊಡನೆ ‘ಅರೀನಾ’ ಎಂಬ ಕಣ ತೆರೆಯಿತು. ಇಬ್ಬರಿಗೆ ಇಬ್ಬರು, ಮೂವರಿಗೆ ಮೂವರು, ಐವರಿಗೆ ಐವರು; ಚದುರಂಗದವರ ಗಣನೆಯಂತೆ, ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದರೆ ಕಡಮೆ; ಈ ಅಂಕಕ್ಕೆ ‘ರೇಟಿಂಗು’ ಎಂದು ಹೆಸರು. ಹೊತ್ತಿಗಿಂತ ಕೌಶಲವೇ ಇಲ್ಲಿ ಮುಖ್ಯವಾಯಿತು. ವಾರಕ್ಕೆ ಹತ್ತು ಪಂದ್ಯ ಆಡಿದರೆ ಸೋತವರಿಗೂ ತಕ್ಕಮಟ್ಟಿಗೆ ಪಾಲು ಬರುತ್ತಿತ್ತು. ನಿಧಾನವಾಗಿಯಾದರೂ ಗೆದ್ದವರ ಕವಚವನ್ನೇ ಅವರೂ ಕೊಳ್ಳಬಹುದಾಗಿತ್ತು. ಈ ಸಮತೋಲ ಬಹುಕಾಲ ಬಾಳಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಮೊದಲಾದ ಮೂರನೆಯ ಸೀಸನ್ನಿನಲ್ಲಿ, ಆಯುಧ ಕೊಳ್ಳಲು 1850ರ ರೇಟಿಂಗು, ಹೆಗಲಿನ ಕವಚಕ್ಕೆ 2000ದ ರೇಟಿಂಗು ಇರಲೇಬೇಕೆಂಬ ಕಟ್ಟಳೆ ಬಂದಿತು. ಮುಂದಿನ ಸೀಸನ್ನಿನಲ್ಲಿ ಕಟ್ಟಳೆ ಇನ್ನಷ್ಟು ಬಿಗಿಯಾಯಿತು. 1800ರ ಮನುಷ್ಯನು 1900ರ ಮನುಷ್ಯನನ್ನು ಎದುರಿಸಬೇಕಾದಾಗ, ಅವನ ಎದುರಿಗಿದ್ದುದು ಎದುರಾಳಿಯ ಹೆಚ್ಚಿನ ಚಾತುರ್ಯ ಮಾತ್ರವಲ್ಲ, ಹೆಚ್ಚಿನ ಆಯುಧವೂ ಹೌದು. ಏಣಿಯ ಮೇಲ್ತುದಿಯಲ್ಲಿ ನಿಂತವರಿಗೇ ಮತ್ತೊಂದು ಏಣಿಯನ್ನು ಕೊಟ್ಟಂತಾಯಿತು. ರೇಟಿಂಗನ್ನು ಹಣಕ್ಕೆ ಕೊಡಿಸುವವರ ವ್ಯಾಪಾರವೂ ಬೆಳೆಯಿತು.

ಅರೀನಾದ ಹಿರಿಯ ಬಿರುದು ‘ಗ್ಲ್ಯಾಡಿಯೇಟರ್’. ಸೀಸನ್ ಮುಗಿದಾಗ ಇನ್ನೂರು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಅದು ಸಲ್ಲುತ್ತಿತ್ತು. ಜೊತೆಗೆ ಕವಚ ತೊಡಿಸಿದ ಒಂದು ರೆಕ್ಕೆಯ ಡ್ರ್ಯಾಗನ್, ‘ನೆದರ್‌ಡ್ರೇಕ್’. ಉಳಿದವರ ಅತಿವೇಗದ ಹಾರುವ ಸವಾರಿ ಓಡುವ ವೇಗಕ್ಕಿಂತ ನೂರಕ್ಕೆ 280ರಷ್ಟು ಹೆಚ್ಚು. ಗ್ಲ್ಯಾಡಿಯೇಟರನ ಡ್ರ್ಯಾಗನ್ನಿನದು ನೂರಕ್ಕೆ 310ರಷ್ಟು. ಕಣದೊಳಗೆ ಯಾರೂ ಹಾರುವಂತಿರಲಿಲ್ಲವಾದುದರಿಂದ ಆ ವೇಗ ಪಂದ್ಯವನ್ನು ಕೆಡಿಸಲಿಲ್ಲ. ಕಣದ ಹೊರಗೆ, ಗಣಿ ಅಗೆಯುವಾಗ, ಶತ್ರುವನ್ನು ಬೆನ್ನಟ್ಟುವಾಗ ಅದು ನೆರವಾಯಿತು. 2010ರ ಡಿಸೆಂಬರಿನಲ್ಲಿ ‘ಕ್ಯಾಟಕ್ಲಿಸಂ’ ಪರ್ವ ಬಂದಾಗ, 5000 ಚಿನ್ನದ ನಾಣ್ಯ ಕೊಟ್ಟು ವಿದ್ಯೆ ಕಲಿತ ಯಾರ ಸವಾರಿಯಾದರೂ ಆ ವೇಗವನ್ನು ಪಡೆಯುವಂತಾಯಿತು. ಡ್ರ್ಯಾಗನ್ ಮಾತ್ರ ಗೆದ್ದವನಿಗಷ್ಟೇ ಉಳಿಯಿತು. ಒಂದು ಊರಿನ ಚೌಕದಲ್ಲಿ ಕವಚ ತೊಟ್ಟ ಆ ನೆದರ್‌ಡ್ರೇಕ್ ರೆಕ್ಕೆ ಬಿಚ್ಚಿ ನಿಂತಾಗ ಸುತ್ತಲಿನ ಆಟಗಾರರು ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ಕಾರಣ ಅದು ವೇಗದ್ದೆಂದಲ್ಲ, 2007ರ ಒಂದು ಸೀಸನ್ನಿನಲ್ಲಿ ಈತ ಅಲ್ಲಿದ್ದು ಗೆದ್ದನೆಂಬುದಕ್ಕೆ ಅದು ಸಾಕ್ಷಿಯೆಂದು. ಇಂಥ ಮೀಸಲನ್ನು ನಾನು ಪೂರ್ಣಮನಸ್ಸಿನಿಂದ ಸಮರ್ಥಿಸುತ್ತೇನೆ. ಹಣ ಕೊಡುವ ಗಿರಾಕಿಗಳೆಲ್ಲರಿಗೂ ಎಲ್ಲವೂ ಸಿಕ್ಕಬೇಕೆಂದು ವಾದಿಸುವವರು, ತಾವು ಕೇಳುತ್ತಿರುವುದು ಡ್ರ್ಯಾಗನ್ನನ್ನಲ್ಲ, ತಾವಿಲ್ಲದಿದ್ದ ಪಂದ್ಯದ ಸಾಕ್ಷ್ಯವನ್ನು, ಎಂಬುದನ್ನು ಮರೆಯುತ್ತಾರೆ. ಸಾಕ್ಷ್ಯವನ್ನು ಎಲ್ಲರಿಗೂ ಹಂಚಿದರೆ ಯಾರ ಬಳಿಯೂ ಸಾಕ್ಷ್ಯವುಳಿಯದು.

‘ಕ್ಯಾಟಕ್ಲಿಸಂ’ ಪರ್ವದಲ್ಲಿಯೇ ಸಂಸ್ಥೆ ಮಾಡಿದ ಇನ್ನೊಂದು ಕೆಲಸವನ್ನು ಮಾತ್ರ ಒಪ್ಪಲಾರೆ. ಹೊಸದಾಗಿ ತೆರೆದ ರೇಟಿಂಗಿನ ಬ್ಯಾಟಲ್‌ಗ್ರೌಂಡ್ ಪಂದ್ಯಗಳಿಗೆ ಪ್ರೈವೇಟಿನಿಂದ ಗ್ರ್ಯಾಂಡ್ ಮಾರ್ಷಲ್‌ವರೆಗಿನ ಆ ಹಳೆಯ ಹದಿನಾಲ್ಕು ಬಿರುದುಗಳನ್ನೇ ಎತ್ತಿ ಕೊಟ್ಟರು. ಹೊಸಬರ ಪಂದ್ಯ ಕೌಶಲದ ಪಂದ್ಯವೇ. ಅವರ ಗೌರವಕ್ಕೆ ಕುಂದಿಲ್ಲ. ಆದರೆ ಅವರಿಗೆ ಹೊಸ ಹೆಸರೊಂದನ್ನು ಕಟ್ಟಿಕೊಡುವುದು ಕಷ್ಟವಾಗಿರಲಿಲ್ಲ. ಕತ್ತಿಯನ್ನು ಕಳೆದುಕೊಂಡು ಬಿರುದೊಂದನ್ನೇ ನೆಚ್ಚಿಕೊಂಡಿದ್ದ ಹಳಬರ ಬಿರುದು ಯಾವ ಕಾಲದ್ದೆಂದು ನೋಡಿದವರಿಗೆ ತಿಳಿಯದಂತಾಯಿತು.

ಈ ಪ್ರಶ್ನೆ ದೂರದೇಶದ್ದಲ್ಲ. ನಮ್ಮ ಊರುಗಳ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಆಟದಲ್ಲಿ ‘ಕಾಂಕರರ್’ ಎಂಬ ದರ್ಜೆ ಅಗ್ರಪಂಕ್ತಿಯ 500 ಮಂದಿಗೆ ಮೀಸಲು. ಅದರಿಂದ ಬರುವುದು ಹೆಸರಿನ ಸುತ್ತಣ ಒಂದು ಚೌಕಟ್ಟು, ಒಂದು ಬಿರುದು. ಬಂದೂಕಿಗೆ ಬಲ ಬಾರದು. ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಆದರೆ 500ರ ಒಳಗಿನ ಸ್ಥಾನ ಇತರರ ಗಳಿಕೆಯನ್ನು ಅವಲಂಬಿಸಿರುವುದರಿಂದ, ಪರೀಕ್ಷೆಯ ಹಿಂದಿನ ರಾತ್ರಿಯಲ್ಲಿಯೂ ಆಟವನ್ನು ಬಿಡಲಾರದ ಹುಡುಗನ ಸ್ಥಿತಿಯಲ್ಲಿ 2005ರ ಆ ಸಾಲಿನ ನೆರಳು ಕಾಣುತ್ತದೆ. ‘ಲೀಗ್ ಆಫ್ ಲೆಜೆಂಡ್ಸ್’ ಆಟದವರು 2011ರಲ್ಲಿ ಮೊದಲ ಸೀಸನ್ ಮುಗಿದಾಗ ಚಿನ್ನದ ದರ್ಜೆಯನ್ನೂ ಅದಕ್ಕಿಂತ ಮೇಲನ್ನೂ ಮುಟ್ಟಿದವರೆಲ್ಲರಿಗೂ ಜಾರ್ವನ್ ಎಂಬ ಪಾತ್ರದ ವಿಜಯವೇಷವನ್ನು ಕೊಟ್ಟರು. ಬರಿಯ ವೇಷ, ಬಲವಿಲ್ಲ. ಅದಕ್ಕೆ ಸ್ಥಾನಗಳ ಎಣಿಕೆಯಿಲ್ಲ, ದರ್ಜೆಯ ಗಡಿಯಿದೆ. ಇದು ಮೇಲಾದ ಮಾದರಿ.

ಹಳೆಯ ಆಟವನ್ನು ಹಳೆಯ ರೂಪದಲ್ಲಿಯೇ ಆಡಬೇಕೆಂದು ಬಹಳ ಮಂದಿ ಬಯಸಿದ್ದರಿಂದ, ಬ್ಲಿಝಾರ್ಡಿನವರು 2019ರ ಆಗಸ್ಟಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್’ ಎಂದು ಅದನ್ನು ಪುನಃ ತೆರೆದರು. ನವೆಂಬರಿನಲ್ಲಿ ಹಳೆಯ ಗೌರವದ ವ್ಯವಸ್ಥೆಯೂ ಮರಳಿ ಬಂದಿತು. ಹದಿಹರೆಯದಲ್ಲಿ ಆ ಪದವಿಗೆ ಆಸೆಪಟ್ಟಿದ್ದವರು ಈಗ ಉದ್ಯೋಗಸ್ಥರು, ಮಕ್ಕಳೊಂದಿಗರು. ಆದರೂ ಅದೇ ವಾರದ ಸಾಲು, ಅದೇ ಕರಗುವಿಕೆ, ಅದೇ ಪಾಳಿ, ಅದೇ ಒಳಒಪ್ಪಂದಗಳು ಮರುಕೊಳಿಸಿದುವು. ಕೊನೆಗೆ 2023ರಲ್ಲಿ ಸಂಸ್ಥೆ ಆ ವಿಧಾನವನ್ನು ತಿದ್ದಿ, ಒಬ್ಬನನ್ನು ಇನ್ನೊಬ್ಬನೊಡನೆ ತೂಗುವುದನ್ನು ಕೈಬಿಟ್ಟು, ಪ್ರತಿ ಪದವಿಗೂ ವಾರಕ್ಕೆ ಇಂತಿಷ್ಟು ಗೌರವವೆಂದು ಎಲ್ಲರಿಗೂ ಒಂದೇ ಗಡಿಯನ್ನು ಹಾಕಿತು. ಇಂದು ಅಲ್ಲಿ ಗ್ರ್ಯಾಂಡ್ ಮಾರ್ಷಲ್ ಆಗಬೇಕಾದವನು ತನ್ನ ಪಕ್ಷದ ಗೆಳೆಯನನ್ನು ಹಿಂದಕ್ಕೆ ತಳ್ಳಬೇಕಾಗಿಲ್ಲ, ತನ್ನ ಗಡಿಯನ್ನು ತಾನು ದಾಟಿದರೆ ಸಾಕು. 2005ರಲ್ಲಿ, ಮೊದಲನೆಯ ದಿನವೇ, ಇದನ್ನು ಮಾಡಬಹುದಾಗಿತ್ತು, ಮಾಡಬೇಕಾಗಿತ್ತು.